ಬೆರಳಗಲದ ನೀಲಿ

ಮಸೂರವನ್ನು ಕನ್ನಡಕದ ಚೌಕಟ್ಟಿಗೆ ಕೂರಿಸುವಾಗ ಉಸಿರು ಬಿಗಿಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಇಪ್ಪತ್ತಾರು ವರ್ಷಗಳಲ್ಲಿ ತಾನಾಗಿ ಬಂದ ಅಭ್ಯಾಸ ಅದು. ಇವತ್ತು ಉಸಿರು ಹಿಡಿದ, ಮಸೂರ ಕೂತಿತು, ಹಿಡಿದ ಉಸಿರನ್ನು ಬಿಡುವುದು ಮರೆತುಹೋಯಿತು. ಎದೆ ಬಿಗಿದಾಗ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಹತ್ತು ಐವತ್ತು. ಒಂದೂವರೆಗೆ ಭಾವ ನೀರಿಗೆ ಇಳಿಯುತ್ತಾರೆ. ಅವರ ಬಲಗಾಲಿಗೆ, ಮೊಣಕಾಲಿನ ಕೆಳಗೆ ಕಟ್ಟಿದ ಒರೆಯಲ್ಲಿ ಒಂದು ಚಾಕು ಇರುತ್ತದೆ. ಆ ಚಾಕುವಿನ ಅಲಗು ಉಬ್ಬುವ ಕಡೆ, ಬೆರಳಗಲದಷ್ಟು ಜಾಗದಲ್ಲಿ ಉಕ್ಕು ಸತ್ತಿದೆ. ಇದು ಗೊತ್ತಿರುವುದು ಅವನೊಬ್ಬನಿಗೆ.

ಸತ್ತದ್ದು ಭಾನುವಾರ ಮಧ್ಯಾಹ್ನ. ಭಾವ ಬಂದರಿನಲ್ಲಿ ಡೈವರ್. ದೋಣಿಗಳ ಹಿಂಭಾಗದಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡ ಬಲೆ, ಹಗ್ಗಗಳನ್ನು ನೀರಿನಡಿ ಹೋಗಿ ಕತ್ತರಿಸಿ ಬಿಡಿಸುವುದು ಅವರ ಕೆಲಸ. ಹಾಗೆ ಬಿಡಿಸುವಾಗ ಹಗ್ಗ ಕೆಲವೊಮ್ಮೆ ಬಿಡಿಸುವವನನ್ನೇ ಸುತ್ತಿಕೊಳ್ಳುತ್ತದೆ. ಚಾಕು ಬೇಕಾಗುವುದು ಆಗಲೂ. ಹೋದ ವಾರ ಹಗ್ಗದೊಳಗೆ ಅಡಗಿದ್ದ ಉಕ್ಕಿನ ತಂತಿಗೆ ತಗುಲಿ ಅಲಗಿಗೆ ಮುಕ್ಕಾಗಿತ್ತು. ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಚಾಕುವನ್ನು ಹಳೇ ವೃತ್ತಪತ್ರಿಕೆಯಲ್ಲಿ ಸುತ್ತಿ ಅವನ ಮುಂದಿಟ್ಟು, ಮುಖ ನೋಡದೆ, "ನಿನಗೆ ಕೈ ಇದೆ. ಕಲ್ಲಿನ ಮೇಲೆ ಸ್ವಲ್ಪ ಉಜ್ಜಿಕೊಡು. ಅವಸರ ಇಲ್ಲ," ಎಂದಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಚಾಕುವಿನ ವಿಷಯದಲ್ಲಿ ಭಾವ ಅವನನ್ನು ಕೇಳಿದ ಮೊದಲ ಸಹಾಯ. ಅಲ್ಲಿಯವರೆಗೆ ಕೇಳಿದ್ದೆಲ್ಲ ತಮಾಷೆ. "ಇಪ್ಪತ್ತೇಳು ಚಾಕು ಇಟ್ಕೊಂಡಿದಾನೆ, ಸೇಬು ಹೆಚ್ಚು ಅಂದ್ರೆ ಅಡುಗೆಮನೆ ಚಾಕು ಹುಡುಕ್ತಾನೆ ನಮ್ಮ ಮ್ಯೂಸಿಯಂ." ಮ್ಯೂಸಿಯಂ ಎಂಬ ಹೆಸರು ಭಾವ ಇಟ್ಟದ್ದು. ಈಗ ಅಕ್ಕನ ಮಕ್ಕಳೂ ಮ್ಯೂಸಿಯಂ ಮಾವ ಅನ್ನುತ್ತಾರೆ. ಅವನೂ ನಗುತ್ತಾನೆ.

ಮುಕ್ಕು ಆಳವಾಗಿತ್ತು. ಸಾಣೆಕಲ್ಲಿನ ಮೇಲೆ ಸರಿಯಾಗಿ ತೆಗೆಯಬೇಕೆಂದರೆ ನಾಲ್ಕು ಗಂಟೆ ಬೇಕು. ಅಂಗಡಿಯ ಕೀಲಿ ಅವನ ಹತ್ತಿರವಿತ್ತು, ಅಂಗಡಿಯಲ್ಲಿ ಎರಡು ಚಕ್ರಗಳಿದ್ದವು. ಮಸೂರ ಉಜ್ಜುವ ಚಕ್ರದ ಮೇಲೆ ಸದಾ ನೀರು ಹರಿಯುತ್ತದೆ, ಆದರೆ ಅದು ಉಕ್ಕಿಗೆ ಆಗುವುದಿಲ್ಲ. ಇನ್ನೊಂದು ಮೂಲೆಯ ಒಣ ಚಕ್ರ. ಚೌಕಟ್ಟಿನ ಲೋಹದ ಅಂಚು ತೆಗೆಯಲು ಇಟ್ಟದ್ದು. ಒಣ ಚಕ್ರಕ್ಕೆ ಅಲಗು ಕೊಡಬಾರದು ಎಂಬುದು ಚಾಕುವಿನ ಸಹವಾಸ ಮಾಡಿದ ಪ್ರತಿಯೊಬ್ಬನಿಗೂ ಮೊದಲು ಗೊತ್ತಾಗುವ ಸಂಗತಿ. ಕೊಟ್ಟರೂ ಮೂರು ಎಣಿಸುವಷ್ಟರಲ್ಲಿ ತೆಗೆದು ನೀರಿಗದ್ದಬೇಕು. ಅವನು ಪಕ್ಕದಲ್ಲಿ ಲೋಟದಲ್ಲಿ ನೀರಿಟ್ಟುಕೊಂಡೇ ಕೂತಿದ್ದ. ಮುಕ್ಕು ಕರಗುತ್ತ ಬಂದ ಹಾಗೆ ಸಂತೋಷವಾಯಿತು, ಭಾವನ ಮುಖ ಕಣ್ಣಮುಂದೆ ಬಂತು, ಅವರು ಅಲಗನ್ನು ಬೆಳಕಿಗೆ ಹಿಡಿದು ಏನನ್ನುತ್ತಾರೆ ಎಂದು ಯೋಚಿಸಿದ. ಆ ಯೋಚನೆ ಎಷ್ಟು ಹೊತ್ತಿನದು ಎಂದು ಈಗ ಲೆಕ್ಕ ಹಾಕಿದರೆ ಏಳೆಂಟು ಸೆಕೆಂಡು. ಅಲಗಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆಯೇ ಕಂದು, ನೇರಳೆ, ಆಮೇಲೆ ನೀಲಿ. ನಾಲ್ಕು ಬಣ್ಣ ಒಂದರ ಬಾಲ ಒಂದು ಹಿಡಿದು ಓಡಿದವು. ಅವನು ಕೈ ಹಿಂತೆಗೆಯುವ ವೇಳೆಗೆ ನೀಲಿ ಅಂಚಿನಲ್ಲಿ ನೆಲೆಸಿತ್ತು. ನೋಡಲು ಚೆನ್ನಾಗಿತ್ತು ಕೂಡ. ಹಳೇ ಅರ ಬಡಿದು ಈ ಚಾಕು ಮಾಡಿದ ಕಮ್ಮಾರ ದಿನವಿಡೀ ಕೂತು ಉಕ್ಕಿಗೆ ಕೊಟ್ಟ ಹದ ಅಷ್ಟು ಜಾಗದಲ್ಲಿ ಇಳಿದುಹೋಗಿತ್ತು.

ಆಮೇಲೆ ಮಾಡಿದ್ದೇ ಅವನನ್ನು ನಾಲ್ಕು ದಿನದಿಂದ ತಿನ್ನುತ್ತಿರುವುದು. ಕೈಗಳು ತಾವಾಗಿ ಕೆಲಸಕ್ಕೆ ತೊಡಗಿದವು. ನಾನೂರರ ಮರಳು ಕಾಗದ, ಎಂಟುನೂರು, ಸಾವಿರದೈನೂರು; ನೀಲಿ ಹೋಯಿತು. ಆಮೇಲೆ ಸಾಣೆಕಲ್ಲು, ಕೊನೆಗೆ ತೊಗಲಿನ ಪಟ್ಟಿ. ಮುಂಗೈ ಮೇಲೆ ಆಡಿಸಿದರೆ ಕೂದಲು ಸದ್ದಿಲ್ಲದೆ ಉದುರಿತು. ಮೆತ್ತಗಾದ ಉಕ್ಕೂ ಮಸೆದ ಕೂಡಲೇ ಹರಿತವಾಗಿಯೇ ಇರುತ್ತದೆ, ಅದೇ ಅದರ ಮೋಸ. ದಪ್ಪ ಹಗ್ಗದ ಮೇಲೆ ಹತ್ತು ಸಲ ಎಳೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೊಂದನೆಯದಕ್ಕೋ ಹದಿನೈದನೆಯದಕ್ಕೋ ಅಂಚು ಹಾಳೆಯ ಮೂಲೆಯಂತೆ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಭಾವನ ಕೈಗೆ ಕೊಟ್ಟಾಗ ಅವರೂ ಮುಂಗೈ ಮೇಲೆಯೇ ಆಡಿಸಿ ನೋಡಿ, ಹುಬ್ಬೇರಿಸಿ, "ಪರವಾಗಿಲ್ಲ ಕಣೋ ಮ್ಯೂಸಿಯಂ. ನಿನ್ನ ಕೈಯಿಂದಲೂ ಲೋಕಕ್ಕೆ ಉಪಯೋಗ ಇದೆ," ಎಂದರು. ಅಕ್ಕ ಬಾಗಿಲಲ್ಲಿ ನಿಂತು ನಕ್ಕಳು. ಆಗಲೇ ಹೇಳಬಹುದಿತ್ತು. ಹೊಗಳಿಕೆಯನ್ನು ಬಾಯಲ್ಲಿಟ್ಟುಕೊಂಡು ಹೇಳುವುದು ಹೇಗೆ. ಮುಂದಿನ ಕೆಲಸ ಗುರುವಾರ ಎಂದು ಭಾವ ಹೇಳಿದ್ದರಿಂದ, ಬುಧವಾರ ಹೇಳಿದರಾಯಿತು ಎಂದುಕೊಂಡ. ಬುಧವಾರ ಗುರುವಾರ ಬೆಳಿಗ್ಗೆ ಎಂದುಕೊಂಡ. ಈಗ ಗುರುವಾರ ಹತ್ತು ಐವತ್ತೆರಡು.

"ಕೊಡಪ್ಪಾ, ಮೇಷ್ಟ್ರು ಕಾಯ್ತಿದಾರೆ," ಎಂದು ಮಾಲೀಕರು ಪರದೆಯಾಚೆಯಿಂದ ಕೂಗಿದರು. ಅವನು ಕನ್ನಡಕ ಒರೆಸಿ ಹೊರಗೆ ತಂದ. ನಿವೃತ್ತ ಮೇಷ್ಟ್ರು ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ ಕೂತಿದ್ದರು; ಕನ್ನಡಕವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಾಕಿಕೊಂಡರು, ಎದ್ದು ನಿಂತರು, ಒಂದು ಹೆಜ್ಜೆ ಇಟ್ಟು ಮೇಜು ಹಿಡಿದುಕೊಂಡರು.

"ನೆಲ ಯಾಕೋ ನನ್ನ ಕಡೆಗೆ ಎದ್ದು ಬರ್ತಿದೆಯಲ್ಲ," ಎಂದರು ಮೇಷ್ಟ್ರು.

"ಹೊಸದಲ್ವಾ ಸಾರ್, ಎರಡು ದಿನ ಹಾಗನ್ನಿಸುತ್ತೆ," ಎಂದರು ಮಾಲೀಕರು.

"ಎರಡು ದಿನ ಬಿದ್ದೇ ಇರಬೇಕಾ ಹಾಗಾದ್ರೆ?"

ಮಾಲೀಕರು ನಗುತ್ತಲೇ ಕನ್ನಡಕ ಇಸಿದುಕೊಂಡು ಅಳತೆಯ ಯಂತ್ರಕ್ಕಿಟ್ಟು, ಡಾಕ್ಟರ ಚೀಟಿ ಎಳೆದುಕೊಂಡು ತಾಳೆ ನೋಡಿದರು. ನಗು ನಿಂತಿತು. ಎಡಗಣ್ಣಿನ ಮಸೂರದ ಓರೆ ನೂರಹತ್ತು ಡಿಗ್ರಿ ಎಂದಿತ್ತು; ಅವನು ಎಪ್ಪತ್ತಕ್ಕೆ ಕೂರಿಸಿದ್ದ. ಕನ್ನಡಿಯಲ್ಲಿ ತಿರುಗುಮುರುಗಾದ ಹಾಗೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲರೂ ಮಾಡುವ ತಪ್ಪು, ಇಪ್ಪತ್ತಾರನೆಯ ವರ್ಷದಲ್ಲಿ ಯಾರೂ ಮಾಡದ ತಪ್ಪು. ಮಾಲೀಕರು ಅವನನ್ನು ಪರದೆಯ ಹತ್ತಿರ ಕರೆದರು. ಕನ್ನಡಕ ವಾಪಸು ಕೊಡುತ್ತ, "ಕೈಗೆ ಕಣ್ಣಿದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ ನಾನು," ಎಂದಷ್ಟೇ ಮೆಲ್ಲಗೆ ಅಂದರು. ಅವನು ಪರದೆಯೊಳಗೆ ಹೋಗಿ ಕೂತ. ತಪ್ಪು ಹೊರಬಿದ್ದದ್ದು ಎಷ್ಟು ಸುಲಭ. ಮೇಷ್ಟ್ರು ಒಂದು ಹೆಜ್ಜೆ ಇಟ್ಟರು, ನೆಲ ಎದ್ದು ಬಂತು, ಚೀಟಿ ನೋಡಿದರು, ಮುಗಿಯಿತು. ದುಂಡು ಚೌಕಟ್ಟು, ಈಗ ಮಸೂರ ತೆಗೆದು ತಿರುಗಿಸಿ ಕೂರಿಸಿದರೆ ಎಲ್ಲ ಮೊದಲಿನಂತೆ. ಅವನಿಗೆ ಹೊಟ್ಟೆಕಿಚ್ಚಾಯಿತು, ತನ್ನದೇ ಈ ತಪ್ಪಿನ ಮೇಲೆ. ಒಂಬತ್ತು ವರ್ಷದವನಾಗಿದ್ದಾಗ ಗಾಜಿನ ಭರಣಿಯೊಂದು ಅವನ ಕೈಯಿಂದ ಜಾರಿತ್ತು. ಅಪ್ಪ ಕೋಣೆಗೆ ಬಂದು "ಯಾರು?" ಎಂದು ಕೇಳಿದರು. ಅವನು ಚೂರುಗಳನ್ನು ನೋಡುತ್ತ ನಿಂತ. ಅಕ್ಕ ಅವನ ಮುಖ ನೋಡಿ, "ನಾನೇ," ಎಂದಳು. ಏಟು ಬಿದ್ದ ಕೆನ್ನೆಯನ್ನು ಒತ್ತಿ ಹಿಡಿದುಕೊಂಡು ಆಮೇಲೆ ಅವನಿಗೆ ಹೇಳಿದ್ದಳು: ನೀನು ಹೇಳ್ತೀಯೇನೋ ಅಂತ ಸ್ವಲ್ಪ ಹೊತ್ತು ಕಾದೆ ಕಣೋ.

ಫೋನ್ ಅಲುಗಿದಾಗ ಹನ್ನೊಂದೂವರೆ. ಅಕ್ಕ. ಅವಳು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಅವನು ಇಕ್ಕಳವನ್ನು ಮೇಜಿನ ಮೇಲಿಟ್ಟು, ಅದು ಉರುಳದ ಹಾಗೆ ಒಂದು ಬೆರಳಿಂದ ಒತ್ತಿ ಹಿಡಿದು, "ಏನಕ್ಕ?" ಎಂದ.

"ಒಂದು ಒಳ್ಳೇ ಸುದ್ದಿ. ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ. ನಿಮ್ಮ ಭಾವ ಇವತ್ತೇ ಕೊನೆ ಅಂತಿದಾರೆ."

"ಕೊನೆ ಅಂದ್ರೆ?"

"ನೀರಿಗಿಳಿಯೋದು. ಇನ್ನು ಮೇಲೆ ದಡದ ಕೆಲಸವಂತೆ. ಬೆಳಿಗ್ಗೆ ಎದ್ದವರೇ ಇನ್ನು ಇಳಿಯಲ್ಲ ಅಂತ ಚೀಟಿ ಬರೆದು ಜೇಬಲ್ಲಿ ಇಟ್ಕೊಂಡು ಹೋದ್ರು. ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ. ಈಗ ತಾವಾಗೇ. ಮಂಗಳವಾರ ಹೋಗಿದ್ರಲ್ಲ, ಆವತ್ತು ಏನೋ ಆಗಿದೆ."

"ಮಂಗಳವಾರ ಎಲ್ಲಿಗೆ?"

"ಇನ್ನೆಲ್ಲಿಗೆ, ಕೆಲಸಕ್ಕೆ. ಯಾವುದೋ ದೋಣಿ, ಅರ್ಜೆಂಟು ಅಂತ ಕರೆದ್ರಂತೆ. ಹಗ್ಗ ಕೊಯ್ಯೋಕೆ ಹೋದ್ರೆ ಕೈಯಲ್ಲಿ ಬಲವೇ ಇರಲಿಲ್ಲವಂತೆ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ. ಮೇಲೆ ಬಂದವರು ಎರಡು ದಿನ ಮಾತೇ ಆಡಲಿಲ್ಲ. ವಯಸ್ಸಾಯ್ತು, ಕೈ ಸೋತಿದೆ ಅಂತ ಬೆಳಿಗ್ಗೆ ಬಾಯಿಬಿಟ್ರು."

ಇಕ್ಕಳದ ಮೇಲಿನ ಬೆರಳು ಬೆಳ್ಳಗಾಗಿತ್ತು. ಅವನು ಅದನ್ನು ನೋಡಿದ.

"ಕೇಳಿಸ್ತಿದೆಯಾ? ಅದಕ್ಕೇ ಫೋನ್ ಮಾಡಿದ್ದು. ನೀನು ಸಿಕ್ಕಿದಾಗ ಸುಮ್ನಿರು. 'ನಿಮಗೇನು ಮಹಾ ವಯಸ್ಸು ಭಾವ' ಅಂತೆಲ್ಲ ಉಪಚಾರ ಮಾಡೋಕೆ ಹೋಗಬೇಡ. ಉಬ್ಬಿಸಿದ್ರೆ ನಾಳೆ ಮತ್ತೆ ಇಳೀತಾರೆ. ಇಪ್ಪತ್ತೆರಡು ವರ್ಷ ಫೋನಿಗೆ ಕಿವಿ ಅಂಟಿಸಿಕೊಂಡು ಬದುಕಿದೀನಿ ಕಣೋ ನಾನು. ಸಾಕು."

"ಇಲ್ಲ ಅಕ್ಕ," ಎಂದ. ಯಾವುದಕ್ಕೆ ಇಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಅವಳು ಸಮಾಧಾನದಿಂದ ಫೋನ್ ಇಟ್ಟಳು.

ಮಂಗಳವಾರ ಅವನು ಏನು ಮಾಡುತ್ತಿದ್ದ? ಮಧ್ಯಾಹ್ನ ಮನೆಯಲ್ಲಿ ಮಲಗಿ, ಭಾವನ ಮಾತನ್ನು ಇನ್ನೊಮ್ಮೆ ನೆನೆದು, ತಾನು ಒಬ್ಬನೇ ಇದ್ದರೂ ಮುಗುಳ್ನಕ್ಕಿದ್ದ. ಅದೇ ಹೊತ್ತಿಗೆ ನೀರಿನಡಿ ಅಲಗು ಮಡಚಿಕೊಂಡಿತ್ತು. ಭಾವ ಚಾಕುವನ್ನು ಅನುಮಾನಿಸಲಿಲ್ಲ. ಹಿಂದಿನ ದಿನವಷ್ಟೇ ಸಾಣೆ ಹಿಡಿದು ಬಂದ ಚಾಕು, ಮೇಲೆ ಬಂದು ತೊಗಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಕೂದಲು ಬೋಳಿಸಿರುತ್ತದೆ. ಅನುಮಾನಿಸಲು ಉಳಿದದ್ದು ಅವರ ಕೈ. ಅವನು ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. ಅದರ ಬೆನ್ನಲ್ಲೇ ಬೇರೊಂದು ಯೋಚನೆ ಮೆಲ್ಲಗೆ ಒಳಗೆ ಬಂದು ಕೂತಿತು, ಮನೆಯವರಿಗೆಲ್ಲ ಪರಿಚಯವಿರುವ ನೆಂಟನ ಹಾಗೆ. ಮಂಗಳವಾರ ಏನೂ ಆಗಲಿಲ್ಲ. ಇವತ್ತೊಂದು ದಿನ ಒಳ್ಳೇ ಚಾಕು ಅವರ ಕಾಲಿನಲ್ಲಿದ್ದರೆ ಸಾಕು. ಆಮೇಲೆ ಅವರು ಇಳಿಯುವುದೇ ಇಲ್ಲ. ಅಕ್ಕ ನೆಮ್ಮದಿಯಾಗಿರುತ್ತಾಳೆ. ಅವನ ತಪ್ಪು, ಯಾರಿಗೂ ಗೊತ್ತಾಗದೆ, ಒಂದು ಮನೆಗೆ ಉಪಕಾರವಾಗಿ ಹೋಗುತ್ತದೆ. ಎಷ್ಟು ಹುಡುಕಿದರೂ ಇದರಲ್ಲಿ ದೋಷ ಕಾಣಲಿಲ್ಲ. ತಾನು ದೋಷ ಹುಡುಕುತ್ತಿರುವುದು ಕಾಣದಿರಲಿ ಎಂಬ ಆಸೆಯಿಂದ ಎನ್ನುವುದು ಮಾತ್ರ ಕಂಡಿತು. ಮೇಷ್ಟ್ರ ಮಸೂರ ಸರಿಪಡಿಸಿ ಕೊಟ್ಟು, ಮೈ ಸರಿಯಿಲ್ಲ ಎಂದು ಹೇಳಿ ಹೊರಟ. "ಗೊತ್ತಾಗ್ತಿದೆ," ಎಂದರು ಮಾಲೀಕರು.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕೆಲಸದಿಂದ ಬರುವುದು ಸಂಜೆ. ಕಪಾಟಿನ ಕೆಳಗಿನ ಎರಡು ಡ್ರಾಯರುಗಳಲ್ಲಿ ಇಪ್ಪತ್ತೇಳು ಚಾಕುಗಳು ಒಂದೊಂದೂ ಬಟ್ಟೆಯಲ್ಲಿ, ಬಟ್ಟೆಯ ಮೇಲೆ ಸಂಖ್ಯೆ. ಒಂದೂ ಮಡಚುವ ಚಾಕುವಲ್ಲ. ಮಡಚುವ ಚಾಕುವಿನಲ್ಲಿ ಕೀಲು ಇರುತ್ತದೆ, ಕೀಲು ಇದ್ದಲ್ಲಿ ಸಡಿಲ ಇರುತ್ತದೆ. ಒಂದೇ ಉಕ್ಕು ತುದಿಯಿಂದ ಹಿಡಿಯ ಕೊನೆಯವರೆಗೆ ಹೋಗಿರಬೇಕು, ಕೈಯಿಂದ ಬಡಿದು ಮಾಡಿರಬೇಕು, ಮಾಡಿದವನ ಗುರುತು ಇರಬೇಕು ಎಂಬುದು ಅವನ ನಿಯಮ. ಒಂಬತ್ತನೆಯದನ್ನು ತೆಗೆದ. ಹುಣಿಸೆ ಮರದ ಹಿಡಿ, ಹಿಡಿಯ ಬುಡದಲ್ಲಿ ಸಾಲಾಗಿ ಮೂರು ಚುಕ್ಕೆ. ಭಾವನ ಚಾಕು ಮಾಡಿದ ಕಮ್ಮಾರನದೇ. ಅವರು ತೀರಿಕೊಂಡು ಹನ್ನೊಂದು ವರ್ಷ. ಭಾವನೇ ಅವನನ್ನು ಅವರ ಕುಲುಮೆಗೆ ಕರೆದುಕೊಂಡು ಹೋಗಿದ್ದರು. ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸದೆ, "ಯಾವ ಕೆಲಸಕ್ಕೆ?" ಎಂದು ಕೇಳಿದ್ದರು. ಅವನು, "ಸುಮ್ನೆ. ನೋಡೋಕೆ," ಎಂದ. ತಿದಿ ನಿಂತಿತು. "ನೋಡೋಕಾದ್ರೆ ಹದ ಯಾಕಪ್ಪಾ? ತಗಡು ಸಾಕಲ್ಲ," ಎಂದು ಕಮ್ಮಾರ ಭಾವನ ಕಡೆ ನೋಡಿದರು, ಭಾವ ಜೋರಾಗಿ ನಕ್ಕರು. ಆದರೂ ಕಮ್ಮಾರ ಹದ ಕೊಟ್ಟೇ ಮಾಡಿದ್ದರೇ? ಕೊಡದಿದ್ದರೆ? ಹದಿನಾರು ವರ್ಷದಲ್ಲಿ ಅವನು ಅದನ್ನು ಪರೀಕ್ಷಿಸಿರಲಿಲ್ಲ. ಒಂದು ಎಳೆ ದಾರವನ್ನೂ ಅದರಿಂದ ಕತ್ತರಿಸಿರಲಿಲ್ಲ.

ಹಿತ್ತಲಿನಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದ ನೈಲಾನ್ ಹಗ್ಗ ಬಿಚ್ಚಿ ತಂದು, ನಾಲ್ಕು ಸುತ್ತು ಮಾಡಿ, ಬಾಗಿಲ ಚಿಲಕಕ್ಕೆ ಬಿಗಿದ. ಅಲಗು ಇಟ್ಟು ಎಳೆದ. ಸುತ್ತು ಬಿಚ್ಚಿ ಬಿತ್ತು. ಮತ್ತೆ ಕಟ್ಟಿದ, ಎಳೆದ. ಇಪ್ಪತ್ತು ಸಲ. ಇಪ್ಪತ್ತನೆಯದೂ ಮೊದಲನೆಯದರಂತೆಯೇ, ಮಾತು ಮುಗಿಯುವ ಮುನ್ನ ಅರ್ಥವಾದ ಹಾಗೆ. ಆಮೇಲೆ ಬಾಗಿಲಿನ ಹಿತ್ತಾಳೆ ಹಿಡಿಕೆಯ ಮೇಲೆ ಅಂಚನ್ನು ಓರೆಯಾಗಿ ಒತ್ತಿ ನೋಡಿದ. ಒಳ್ಳೆಯ ಹದವಿದ್ದರೆ ಅಂಚು ಹಿತ್ತಾಳೆಯ ಮೇಲೆ ಕೂದಲಿನಷ್ಟು ಬಾಗುತ್ತದೆ, ಒತ್ತಡ ತೆಗೆದರೆ ಮರಳಿ ನಿಲ್ಲುತ್ತದೆ. ಗಡುಸು ಹೆಚ್ಚಾದರೆ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಬಾಗಿತು, ನಿಂತಿತು. ಕಮ್ಮಾರ ನೋಡುವವನಿಗೂ ಹದ ಕೊಟ್ಟೇ ಮಾಡಿದ್ದರು. ಅವನು ಸಂತೋಷಪಡುವುದರೊಳಗೆ ಅಲಗಿನ ಮೈ ಮೇಲೆ ಉದ್ದಕ್ಕೆ ಎರಡು ಗೀರು ಕಂಡವು. ಹದಿನಾರು ವರ್ಷ ಕನ್ನಡಿಯಂತೆ ಇಟ್ಟ ಮೈ. ಎದೆಯಲ್ಲಿ ಚುಳ್ ಎಂದಿತು. ಹಿತ್ತಲ ಬಾಗಿಲಲ್ಲಿ ಹಗ್ಗದ ತುಂಡುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ಒಬ್ಬ ಮನುಷ್ಯ ನೀರಿಗಿಳಿಯಲು ಒಂದು ಗಂಟೆ ಇರುವಾಗ, ತನಗೆ ನೋಯುತ್ತಿರುವುದು ಎರಡು ಗೀರಿಗಾಗಿ ಎಂದು ಅರಿವಾದಾಗ ಯಾರಾದರೂ ನೋಡಿದರೇನೋ ಎಂಬಂತೆ ಅತ್ತಿತ್ತ ನೋಡಿದ.

ಬಂದರಿನ ಗೇಟು ದಾಟುವಾಗ ಒಂದು ಗಂಟೆ ಐದು ನಿಮಿಷ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ನಲವತ್ತು ನಿಮಿಷ ನಿಲ್ಲುತ್ತದೆ. ಕೆಲಸವೆಲ್ಲ ಅಷ್ಟರಲ್ಲಿ ಆಗಬೇಕು. ಕಬ್ಬಿಣದ ದೊಡ್ಡ ದೋಣಿಯೊಂದು ಧಕ್ಕೆಯ ಕಲ್ಲುಕಟ್ಟೆಗೆ ಮೈ ತಾಗಿಸಿ ನಿಂತಿತ್ತು. ಭಾವ ರಬ್ಬರ್ ಉಡುಪು ಸೊಂಟದವರೆಗೆ ಏರಿಸಿ, ಬರಿಮೈಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಮೇಲಿಂದ ಅವರ ಹಗ್ಗ ಮತ್ತು ಗಾಳಿಯ ಕೊಳವೆ ಹಿಡಿದು ನಿಲ್ಲುವವನನ್ನು ಎಲ್ಲರೂ ಕರೆಯುವುದು ಹಗ್ಗದಣ್ಣ ಎಂದು. ಅವನು ಕೊಳವೆಯನ್ನು ಸುರುಳಿ ಬಿಡಿಸಿ ಧಕ್ಕೆಯ ಮೇಲೆ ಹಾಸುತ್ತಿದ್ದ.

"ಬಂದ್ರು ನೋಡಿ, ಮ್ಯೂಸಿಯಂ ಸಾಹೇಬ್ರು," ಎಂದ ಹಗ್ಗದಣ್ಣ. "ಟಿಕೆಟ್ ಎಷ್ಟು ಇವತ್ತು?"

ಅವನು ಬಟ್ಟೆ ಬಿಚ್ಚಿ ಒಂಬತ್ತನೆಯದನ್ನು ಭಾವನ ಮುಂದೆ ಹಿಡಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಳಿದ. "ಅಕ್ಕ ಹೇಳಿದ್ಲು ಭಾವ, ಇವತ್ತೇ ಕೊನೆ ಅಂತ. ಅದಕ್ಕೆ ಇದನ್ನ ತಂದೆ. ನಿಮ್ಮ ಕಮ್ಮಾರನದೇ. ಒಂದು ಸಲವಾದ್ರೂ ನೀರು ನೋಡಲಿ."

ಭಾವ ನಗುತ್ತಾರೆ ಎಂದುಕೊಂಡಿದ್ದ. ಅವರು ಚಾಕುವನ್ನು ತೆಗೆದುಕೊಂಡು, ಮೂರು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿ, ಗೀರುಗಳನ್ನು ನೋಡಿದರು.

"ಬಳಸಿದ್ದೀಯ."

"ಈಗ. ಬರೋ ಮುಂಚೆ. ಇಪ್ಪತ್ತು ಸಲ ಹಗ್ಗ ಕೊಯ್ದೆ. ಹಿತ್ತಾಳೆ ಮೇಲೂ ನೋಡಿದೆ."

"ಅಬ್ಬಾ. ಮಗಳನ್ನ ಮನೆಯಿಂದ ಹೊರಗೆ ಕಳಿಸಿದ್ಯಲ್ಲ ಕೊನೆಗೂ." ಆದರೆ ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಬಗ್ಗಿ ಕಾಲಿನ ಒರೆಯಿಂದ ಹಳೆಯ ಚಾಕು ತೆಗೆದು ಅವನ ಕೈಗಿಟ್ಟರು. "ಹಾಗಾದ್ರೆ ಇದು ನಿನ್ನ ಹತ್ರ ಇರಲಿ. ಇನ್ನು ನನಗ್ಯಾಕೆ. ಇಪ್ಪತ್ತೆಂಟನೇದು ಅಂತ ನಂಬರ್ ಹಾಕಿ ಮಲಗಿಸು."

ಇಷ್ಟೇ. ಅಷ್ಟು ಸುಲಭವಾಗಿ ಮುಗಿಯಿತು. ಸುಟ್ಟ ಚಾಕು ಅವನ ಕೈಯಲ್ಲಿ, ಒಳ್ಳೆಯದು ಭಾವನ ತೊಡೆಯ ಮೇಲೆ. ಮನೆಗೆ ಹೋಗಿ ಬಟ್ಟೆಯಲ್ಲಿ ಸುತ್ತಿದರೆ ಇನ್ನು ಅದನ್ನು ಯಾರೂ ಹಗ್ಗದ ಮೇಲೆ ಇಡುವುದಿಲ್ಲ. ಅವನು ಬಟ್ಟೆಯನ್ನು ಮಡಚುತ್ತಿದ್ದಾಗ ಭಾವ ಹಗ್ಗದಣ್ಣ ದೂರ ಸರಿದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ, "ಇಲ್ಲಿ ಬಾ," ಎಂದರು. ಬಲಗೈ ಮುಂದೆ ಚಾಚಿ ಬೆರಳು ಅಗಲಿಸಿದರು. ಉಗುರುಗಳ ಸಂದಿಯಲ್ಲಿ ಗ್ರೀಸು. ಹೆಬ್ಬೆರಳ ಬುಡದಲ್ಲಿ ಹಳೇ ಗಾಯದ ಬಿಳಿ ಗೆರೆ.

"ನೋಡು. ನೀನು ಕನ್ನಡಕದವನು, ನಿನಗೆ ಸಣ್ಣದು ಕಾಣುತ್ತೆ. ನಡುಗ್ತಿದೆಯಾ?"

ಅವನು ನೋಡಿದ. ಕೈ ನಡುಗುತ್ತಿರಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು.

"ಮಂಗಳವಾರ ಏನಾಯ್ತು ಗೊತ್ತಾ," ಎಂದರು ಭಾವ, ಕೈಯನ್ನು ಹಾಗೆಯೇ ಹಿಡಿದು. "ಎರಡು ಹಗ್ಗ ಕೊಯ್ದೆ. ಮೂರನೇದು ಹೋಗ್ಲೇ ಇಲ್ಲ. ಎಳೀತೀನಿ, ಎಳೀತೀನಿ, ಮೇಲೆ ಜಾರುತ್ತೆ. ಎರಡೂ ಕೈ ಹಾಕಿದೆ. ಆಗ ಹೆದರಿಕೆ ಆಯ್ತು ಕಣೋ. ಹಗ್ಗಕ್ಕಲ್ಲ. ನನ್ನ ಕೈ ನಂದಲ್ಲ ಅನ್ನಿಸಿಬಿಡ್ತು. ಮೂವತ್ತು ವರ್ಷದಲ್ಲಿ ಅಂಥದ್ದು ಆಗಿಲ್ಲ. ಮೂರು ನಿಮಿಷದ ಗಾಳೀನ ಒಂದು ನಿಮಿಷದಲ್ಲಿ ಕುಡಿದೆ. ಮೇಲೆ ಹಗ್ಗದಣ್ಣನಿಗೂ ಗೊತ್ತಾಯ್ತು, ಪಾಪ, ಏನೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆಯಿಂದ ಅದೇ. ಇಳಿಯೋದಕ್ಕೆ ಮುಂಚೇನೇ ಉಸಿರು ಮೇಲೆ ಕೆಳಗೆ. ಹಿಂಗೆ ಇಳಿಯಬಾರದು. ಒಪ್ಪಿಕೊಂಡಾಗಿದೆ, ಇನ್ನೇನು. ನಡುಗ್ತಿದೆಯಾ ಹೇಳು."

ಇಲ್ಲ ಎಂದರೂ ಸಾಕಿತ್ತು. ಇಲ್ಲ ಎಂಬುದು ನಿಜವೂ ಆಗಿತ್ತು. ಆದರೆ ಆ ಇಲ್ಲವನ್ನು ಭಾವ ನಂಬುವುದಿಲ್ಲ, ಉಪಚಾರದ ಮಾತು ಎಂದು ಕೈ ಹಿಂತೆಗೆದುಕೊಂಡು, ಅದೇ ಕೈಯನ್ನು ನಂಬದೆ ಹನ್ನೆರಡು ಅಡಿ ಕೆಳಗೆ, ಕಬ್ಬಿಣದ ಫ್ಯಾನಿನ ಅಡಿಗೆ ಹೋಗುತ್ತಾರೆ. ಅವರ ಕಾಲಿನಲ್ಲಿ ಲೋಕದ ಅತ್ಯುತ್ತಮ ಚಾಕು ಇದ್ದರೂ ಹೆದರಿದವನ ಉಸಿರನ್ನು ಅದು ಕೊಯ್ಯುವುದಿಲ್ಲ. ಅಂಗಡಿಯಲ್ಲಿ ಹುಡುಕಿ ಹುಡುಕಿ ಕಾಣದಿದ್ದ ದೋಷ ಇಲ್ಲಿ, ಅವನ ಮೂಗಿನ ಮುಂದೆ, ಐದು ಬೆರಳು ಅಗಲಿಸಿ ನಿಂತಿತ್ತು. ಅಕ್ಕನ ದನಿ ಕಿವಿಯಲ್ಲಿತ್ತು: ಸುಮ್ನಿರು. ಈಗ ಹೇಳಿದರೆ ಬರೀ ಭಾನುವಾರದ್ದಲ್ಲ, ಸೋಮವಾರದ ನಗು, ಮಂಗಳವಾರದ ಮುಗುಳ್ನಗೆ, ಬುಧವಾರ, ಈಗಷ್ಟೇ ಆಡಿದ ಕೊನೆಯ ದಿನದ ಮಾತು, ಎಲ್ಲವೂ ಒಂದಕ್ಕೊಂದು ಪೋಣಿಸಿಕೊಂಡು ಹೊರಬರುತ್ತವೆ.

"ನಿಮ್ಮ ಕೈಗೇನೂ ಆಗಿಲ್ಲ ಭಾವ," ಎಂದ. "ನಾನು ಚಾಕು ಸುಟ್ಟೆ."

"ಏನು?"

"ಒಣ ಚಕ್ರಕ್ಕೆ ಕೊಟ್ಟೆ. ನೀಲಿ ಬಂತು. ಉಜ್ಜಿ ಬಣ್ಣ ತೆಗೆದು ನಿಮಗೆ ಕೊಟ್ಟೆ."

ಭಾವ ಅವನನ್ನು ನೋಡಿದರು. ಅವನ ಕೈಯಿಂದ ಹಳೆಯ ಚಾಕು ಕಿತ್ತುಕೊಂಡು, ಗಾಳಿ ಕೊಳವೆಯ ತುದಿಯ ಹಿತ್ತಾಳೆ ತಿರುಪನ್ನು ಎಳೆದುಕೊಂಡು, ಅದರ ಮೇಲೆ ಅಂಚನ್ನು ಓರೆಯಾಗಿ ಒತ್ತಿದರು. ಮೊನೆಯ ಕಡೆ ಬಾಗಿತು, ನಿಂತಿತು. ಹಿಡಿಯ ಕಡೆ ಬಾಗಿತು, ನಿಂತಿತು. ನಡುವೆ ಒತ್ತಿ ತೆಗೆದಾಗ ಬೆರಳಗಲದಷ್ಟು ಅಂಚು ಹಾಸಿಗೆಯ ಬಟ್ಟೆ ಜಾರಿದ ಹಾಗೆ ಒಂದು ಕಡೆ ವಾಲಿಕೊಂಡೇ ಉಳಿಯಿತು. ಭಾವ ಉಗುರಿನಿಂದ ಅದನ್ನು ಸವರಿದರು. ಹಿಂದಕ್ಕೆ, ಮುಂದಕ್ಕೆ. ಹಗ್ಗದಣ್ಣ ಕೆಲಸ ನಿಲ್ಲಿಸಿ ನೋಡುತ್ತಿದ್ದ.

"ಯಾವತ್ತು ಸುಟ್ಟಿದ್ದು?"

"ಭಾನುವಾರ."

"ಭಾನುವಾರ," ಎಂದರು ಭಾವ. ಮನಸ್ಸಿನಲ್ಲೇ ದಿನ ಎಣಿಸಿದ್ದು ಅವರ ಮುಖದಲ್ಲಿ ಕಂಡಿತು. ಅವನು ಏಟಿಗೆ ಕಾದ. ಬಯ್ಗುಳಕ್ಕೆ ಕಾದ. ಅವೆರಡರಲ್ಲಿ ಯಾವುದು ಬಂದರೂ ಕೃತಜ್ಞನಾಗಿರುತ್ತಿದ್ದ. ಆದರೆ ಭಾವನ ಮುಖದಲ್ಲಿ ಬೇರೇನೋ ನಡೆಯುತ್ತಿತ್ತು. ಎರಡು ದಿನದಿಂದ ಇಳಿಬಿದ್ದಿದ್ದ ಕೆನ್ನೆಗಳು ಮೇಲೆದ್ದವು, ಭುಜಗಳು ಹಿಂದಕ್ಕೆ ಹೋದವು, ಬಲಗೈಯನ್ನು ಮುಷ್ಟಿ ಮಾಡಿ ಬಿಡಿಸಿ ಮತ್ತೆ ಮುಷ್ಟಿ ಮಾಡಿದರು, ಕಳೆದುಹೋಗಿದ್ದ ಜಾನುವಾರು ಮನೆಗೆ ಬಂದಾಗ ಬೆನ್ನು ತಟ್ಟಿ ನೋಡುವ ಹಾಗೆ. ಅವರು ನಗುತ್ತಿದ್ದರು. ಅದನ್ನು ನೋಡುವುದು ಏಟಿಗಿಂತ ಕಷ್ಟವಾಯಿತು.

"ಹಗ್ಗದಣ್ಣ, ಕೇಳಿದ್ಯಾ? ನನ್ನ ಕೈ ಅಲ್ಲವಂತೆ. ಇವನ ಚಕ್ರವಂತೆ."

"ಕೇಳಿದೆ," ಎಂದ ಹಗ್ಗದಣ್ಣ. ಅವನು ನಗಲಿಲ್ಲ. "ಮಂಗಳವಾರ ಮೂರನೇ ಹಗ್ಗ ನಿಮ್ಮ ಕೊಳವೆಗೇ ಸುತ್ತಿತ್ತು. ಅದನ್ನೂ ಹೇಳಿ ಅವರಿಗೆ."

ಭಾವ ಉಡುಪನ್ನು ಭುಜಕ್ಕೇರಿಸಿ ಬೆನ್ನು ತಿರುಗಿಸಿದರು. ಅವನು ಬೆನ್ನಿನ ಜಿಪ್ ಎಳೆದ. ಒಂಬತ್ತನೆಯದನ್ನು ಒರೆಗೆ ಹಾಕಿ ಪಟ್ಟಿ ಬಿಗಿದರು. ಪೆಟ್ಟಿಗೆಯ ಮೇಲೆ ಮಡಚಿಟ್ಟಿದ್ದ ಅಂಗಿಯ ಜೇಬಿನಿಂದ ಬೆಳಿಗ್ಗೆ ಬರೆದಿಟ್ಟಿದ್ದ ಚೀಟಿಯನ್ನು ತೆಗೆದು, ನಾಲ್ಕಾಗಿ ಹರಿದು, ತುಂಡುಗಳನ್ನು ಅವನ ಅಂಗಿಯ ಜೇಬಿಗೆ ತುರುಕಿದರು.

"ನಿಮ್ಮಕ್ಕನಿಗೆ ನೀನೇ ಹೇಳು," ಎಂದರು. ಈಗ ನಗು ಇರಲಿಲ್ಲ. "ನಾನು ಮೇಲೆ ಬರೋದ್ರೊಳಗೆ ಹೇಳಿರಬೇಕು. ನಿನ್ನ ಪರವಾಗಿ ನಾನು ಹೇಳಲ್ಲ."

ಮುಖವಾಡ ಹಾಕಿಕೊಂಡು, ಕಬ್ಬಿಣದ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಗೆ ಬಂದಾಗ ಒಂದು ಕ್ಷಣ ನಿಂತು, ಉಸಿರು ಎಳೆದು ಬಿಟ್ಟು ನೋಡಿಕೊಂಡರು. ಆಮೇಲೆ ತಲೆ ಕಾಣಲಿಲ್ಲ. ಹಗ್ಗದಣ್ಣ ಕೊಳವೆಯನ್ನು ಅಂಗೈಯಲ್ಲಿ ಹಾಯಿಸುತ್ತ, ಮೇಲೇಳುವ ಗುಳ್ಳೆಗಳನ್ನು ತುಟಿಯಲ್ಲೇ ಎಣಿಸತೊಡಗಿದ. ಗುಳ್ಳೆಗಳು ದೋಣಿಯ ಹಿಂಭಾಗದತ್ತ ಸರಿದವು. ಅಲ್ಲಿ ನಿಂತವು. ಸಾವಧಾನವಾಗಿ, ಒಂದರ ಹಿಂದೆ ಒಂದು, ನಡುವೆ ಸಾಕಷ್ಟು ಬಿಡುವು ಕೊಟ್ಟು ಬರುತ್ತಿದ್ದವು. "ಚೆನ್ನಾಗಿ ಉಸಿರಾಡ್ತಿದಾರೆ," ಎಂದ ಹಗ್ಗದಣ್ಣ, ಅವನಿಗಲ್ಲ, ಕೊಳವೆಗೆ ಹೇಳುವ ಹಾಗೆ.

ಅವನು ಫೋನ್ ತೆಗೆದ. ಒಂದೇ ರಿಂಗಿಗೆ ಅಕ್ಕ ಎತ್ತಿದಳು.

"ಇಳಿದ್ರಾ?"

"ಇಳಿದ್ರು."

"ನೀನು ಅಲ್ಲೇ ಇದ್ದೀಯಾ? ಒಳ್ಳೇದಾಯ್ತು. ಕೊನೇ ಸಲ, ಯಾರಾದ್ರೂ ನಮ್ಮವರು ಇರಲಿ ಅಂದ್ಕೊಂಡಿದ್ದೆ. ನಾನೇ ಬರೋಣ ಅಂದ್ರೆ ಕಾಲೇ ಬರಲಿಲ್ಲ."

"ಅಕ್ಕ," ಎಂದ. ಗುಳ್ಳೆಗಳನ್ನು ನೋಡುತ್ತಿದ್ದ ಕಣ್ಣನ್ನು ಅಲ್ಲಿಂದ ತೆಗೆದ. "ಭಾವನ ಕೈಗೆ ಏನೂ ಆಗಿಲ್ಲ. ಚೆನ್ನಾಗಿದೆ. ಮೊದಲಿನ ಹಾಗೇ ಇದೆ."

"ಹೌದಾ? ಸದ್ಯ," ಎಂದಳು ಅಕ್ಕ ತಕ್ಷಣ, ಮನಸ್ಸು ಹಗುರಾದವಳ ಹಾಗೆ. ಅವಳ ಮನೆಯ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಅದನ್ನು ಅವಳು ನಿಲ್ಲಿಸಿದಳು.

"ಹಾಗಂದ್ರೆ? ಮತ್ತೆ ಇಳೀತಾರಾ?" ಎಂದಳು.